ಧನುರ್ಮಾಸದ ಕ್ರಿಸ್‌ಮಸ್

ಡಿಸೆಂಬರ್ ತಿಂಗಳಲ್ಲಿ ಕುಣಿಗಲ್ ಕಡೆಯಿಂದ ಹುತ್ರಿದುರ್ಗಕ್ಕೆ ಬರುವವರನ್ನು ಮೊದಲು ಎದುರುಗೊಳ್ಳುವುದು ಬೆಟ್ಟವಲ್ಲ, ಅವರೆಕಾಯಿಯ ಸೊಗಡು. ಸುಮಾರು 3,700 ಅಡಿ ಎತ್ತರದ ಬೆಟ್ಟ ಮಂಜಿನ ಮುಸುಕು ತೆಗೆದು ನಿಧಾನಕ್ಕೆ ಮುಖ ತೋರಿಸುವಷ್ಟರಲ್ಲಿ ಊರ ಗುಡಿಯಲ್ಲಿ ಧನುರ್ಮಾಸದ ಪೂಜೆ ಮುಗಿದು, ಹುಗ್ಗಿಯ ಪ್ರಸಾದವೂ ತಳ ಕಂಡು, ಕಣದಲ್ಲಿ ರಾಗಿ ಬಡಿಯುವವರು ಎರಡನೇ ಸುತ್ತಿನ ಕಾಫಿಗೆ ಕೈ ಚಾಚಿರುತ್ತಾರೆ. ಕ್ರಿಸ್‌ಮಸ್ ಬರುವುದು ಇಂಥ ಹೊತ್ತಿನಲ್ಲಿ. ಎಲ್ಲಿಯ ಬೆತ್ಲೆಹೇಮು, ಎಲ್ಲಿಯ ಈ ಬೆಟ್ಟದಡಿಯ ಸಂತೆಪೇಟೆ, ಎಂದು ನೀವು ಕೇಳುತ್ತೀರಿ. ಕೂತುಕೊಳ್ಳಿ, ಅವಸರವೇನಿದೆ, ಹೇಳುತ್ತೇನೆ.

ರಾಗಿ ಕೊಯ್ದು ಹೊಲ ಬಯಲಾದ ಮೇಲೆ ನಮ್ಮಲ್ಲಿ ಕುರಿಮಂದೆ ನಿಲ್ಲಿಸುವ ರೂಢಿ. ರಾತ್ರಿಯೆಲ್ಲ ಕುರಿಗಳು ಹೊಲದಲ್ಲೇ ಮಲಗಿದರೆ ಹಿಕ್ಕೆ, ಗಂಜಲ ಬಿದ್ದು ಭೂಮಿಗೆ ಬೇಕಾದ ಗೊಬ್ಬರ ತಾನಾಗಿ ಆಗುತ್ತದೆ; ಮಂದೆ ನಿಂತ ರಾತ್ರಿ ಕುರಿಗಾಹಿಗಳ ಊಟ ಹೊಲದವರ ಮನೆಯದು. ನಾನು ಹುಡುಗನಾಗಿದ್ದಾಗ ಶಿರಾ ಕಡೆಯಿಂದ ಬಂದವರಿಗೆ ಮುದ್ದೆ, ಅವರೆಕಾಳಿನ ಸಾರು ಕಟ್ಟಿ ಅಜ್ಜಿ ನನ್ನ ಕೈಲಿ ಕಳಿಸುತ್ತಿದ್ದಳು. ಒಂದು ಸಲ ಹೋದಾಗ ಒಲೆಯ ಪಕ್ಕ ಕೂತಿದ್ದ ಮುದುಕನ ಕಂಬಳಿಯೊಳಗಿಂದ ಎರಡು ಕಿವಿ ಹೊರಗೆ ಬಂದವು, ಆಮೇಲೆ ಒದ್ದೆ ಮೂತಿ. ಆಗ ತಾನೇ ಹುಟ್ಟಿದ ಮರಿ. ಚಳಿ ತಡೆಯುವುದಿಲ್ಲವೆಂದು ಅದನ್ನು ಎದೆಗವುಚಿಕೊಂಡೇ ಆತ ಇನ್ನೊಂದು ಕೈಯಲ್ಲಿ ಮುದ್ದೆ ಮುರಿದ. ಅದೇ ವಾರ, ತುಮಕೂರಿನಿಂದ ನಮ್ಮ ಶಾಲೆಗೆ ವರ್ಗವಾಗಿ ಬಂದಿದ್ದ ಕ್ರೈಸ್ತರ ಮಿಸ್ ಒಬ್ಬರು, ಯೇಸು ಹುಟ್ಟಿದ ಸುದ್ದಿ ಮೊಟ್ಟಮೊದಲು ಮುಟ್ಟಿದ್ದು ರಾತ್ರಿ ಹೊಲದಲ್ಲಿ ಮಂದೆ ಕಾಯುತ್ತಿದ್ದ ಕುರುಬರಿಗೆ ಎಂದು ಲೂಕನ ಸುವಾರ್ತೆಯ ಕಥೆ ಹೇಳಿದರು. ನಮಗ್ಯಾರಿಗೂ ಆ ಚಿತ್ರ ಬಿಡಿಸಿ ತೋರಿಸಬೇಕಾದ ಅಗತ್ಯವೇ ಬರಲಿಲ್ಲ.

ಇಷ್ಟೆಲ್ಲ ಹೇಳುವ ಲೂಕ ತಾರೀಖು ಮಾತ್ರ ಹೇಳುವುದಿಲ್ಲ. ನಾಲ್ಕು ಸುವಾರ್ತೆಗಳಲ್ಲಿ ಎಲ್ಲಿಯೂ ಡಿಸೆಂಬರ್ 25 ಇಲ್ಲ. ಆ ದಿನದ ಮೊದಲ ಖಚಿತ ದಾಖಲೆ ಇರುವುದು ಕ್ರಿ.ಶ. 354ರಲ್ಲಿ ರೋಮಿನಲ್ಲಿ ಸಿದ್ಧವಾದ ಒಂದು ಪಂಚಾಂಗದಲ್ಲಿ. ಅದರೊಳಗಿನ ಪಟ್ಟಿ 336ರಷ್ಟು ಹಳೆಯದು. ಆ ದಿನವೇ ಯಾಕೆ ಎನ್ನುವುದಕ್ಕೆ ವಿದ್ವಾಂಸರು ಎರಡು ದಾರಿ ಹಿಡಿಯುತ್ತಾರೆ. ಚಕ್ರವರ್ತಿ ಆರೇಲಿಯನ್ 274ರಲ್ಲಿ ಅಜೇಯ ಸೂರ್ಯನಿಗೆ ರಾಜಮರ್ಯಾದೆ ಕೊಟ್ಟಿದ್ದ, ಆ ಸೂರ್ಯನ ಹಬ್ಬದ ಜಾಗದಲ್ಲಿ ಕ್ರೈಸ್ತರು ತಮ್ಮ ಬೆಳಕನ್ನು ತಂದು ಕೂರಿಸಿದರು ಎನ್ನುವುದು ಒಂದು. ಮಾತೆ ಮರಿಯಳಿಗೆ ಗರ್ಭ ನಿಂತದ್ದು ಮಾರ್ಚ್ 25 ಎಂದು ಹಿಡಿದು ಒಂಬತ್ತು ತಿಂಗಳು ಎಣಿಸಿದರು ಎನ್ನುವುದು ಇನ್ನೊಂದು. ನನಗೆ ಎರಡನೆಯದು ಹೆಚ್ಚು ಇಷ್ಟ, ಏಕೆಂದರೆ ಅದರಲ್ಲಿ ಬಸುರಿಯ ತಿಂಗಳೆಣಿಸುವ ಮನೆಯ ಹಿರಿಯ ಹೆಂಗಸರ ಕೈಬೆರಳುಗಳಿವೆ. ದಾರಿ ಯಾವುದೇ ಇರಲಿ, ರೋಮನ್ನರ ಲೆಕ್ಕದಲ್ಲಿ ಅದು ದಕ್ಷಿಣಾಯನ ಕಳೆದು ಸೂರ್ಯ ಉತ್ತರಕ್ಕೆ ಮುಖ ತಿರುಗಿಸುವ ದಿನ. ನಮ್ಮ ಕುಣಿಗಲಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಗೆ ಮೇಲೇ ಇರುತ್ತದೆ. ಲಂಡನ್ನಿನಲ್ಲಿ ಅದು ಎಂಟು ಗಂಟೆಯನ್ನೂ ಮುಟ್ಟುವುದಿಲ್ಲ. ಆ ಕತ್ತಲಲ್ಲಿ ಬದುಕಿದವರು ಒಂದು ದೀಪಕ್ಕೆ ಅಷ್ಟು ಹಾತೊರೆದದ್ದು ಸಹಜ.

ಹಾಗಾದರೆ ನಮ್ಮ ಉತ್ತರಾಯಣ ಪುಣ್ಯಕಾಲ ಜನವರಿ ಮಧ್ಯಕ್ಕೆ ಹೋಗಿ ಕೂತದ್ದು ಹೇಗೆ? ಭೂಮಿಯ ಅಕ್ಷ ಬಲು ಮೆಲ್ಲಗೆ ತೊನೆಯುವುದರಿಂದ, ನಕ್ಷತ್ರಗಳನ್ನು ನಂಬಿ ಎಣಿಸುವ ನಮ್ಮ ನಿರಯನ ಪಂಚಾಂಗದ ಸಂಕ್ರಮಣ ಸೂರ್ಯನ ನಿಜವಾದ ತಿರುವಿನಿಂದ ಸುಮಾರು 72 ವರ್ಷಕ್ಕೊಂದು ದಿನದಂತೆ ಹಿಂದೆ ಬೀಳುತ್ತ ಬಂದಿದೆ. ಹೀಗೆ ಹಿಂದಕ್ಕೆ ಎಣಿಸುತ್ತ ಹೋದರೆ ಸಂಕ್ರಾಂತಿಯೂ ಉತ್ತರಾಯಣವೂ ಒಂದೇ ದಿನ ಬೀಳುತ್ತಿದ್ದದ್ದು ಮೂರನೇ ಶತಮಾನದ ಕೊನೆಯ ಹೊತ್ತಿಗೆ. ಅಂದರೆ ರೋಮಿನಲ್ಲಿ ಕ್ರಿಸ್‌ಮಸ್ಸಿನ ದಿನ ಗೊತ್ತಾಗುತ್ತಿದ್ದ ಆಸುಪಾಸಿನ ಕಾಲದಲ್ಲೇ ನಮ್ಮ ಸಂಕ್ರಮಣವೂ ಅದರ ಪಕ್ಕದಲ್ಲೇ ಇತ್ತು! ಈ ಲೆಕ್ಕ ಮೊದಲು ತಿಳಿದ ದಿನ ನನಗಾದ ಸಂತೋಷವನ್ನು ಹೇಗೆ ಹೇಳಲಿ. ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಹೇಳಿಬಿಟ್ಟೆ.

ಈಗ ಗೋದಲಿಯ ವಿಷಯ. ಕ್ರೈಸ್ತರ ಮನೆಗಳಲ್ಲಿ ಹುಲ್ಲು ಹಾಸಿ, ಎತ್ತು, ಕತ್ತೆ, ಕುರಿಗಳ ನಡುವೆ ಮಗುವನ್ನು ಮಲಗಿಸುತ್ತಾರಲ್ಲ, ಆ ಪದ್ಧತಿಗೆ ರೂಪ ಕೊಟ್ಟವನು ಅಸ್ಸಿಸಿಯ ಸಂತ ಫ್ರಾನ್ಸಿಸ್. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದೂರಿನಲ್ಲಿ ಆತ ನಿಜವಾದ ಹುಲ್ಲು ತರಿಸಿ, ಜೀವಂತ ಎತ್ತು ಕತ್ತೆಗಳನ್ನು ನಿಲ್ಲಿಸಿ ಹಬ್ಬ ಮಾಡಿದ. ಸುವಾರ್ತೆಯಲ್ಲಿ ಎತ್ತೂ ಇಲ್ಲ, ಕತ್ತೆಯೂ ಇಲ್ಲ. ಒಡೆಯನನ್ನು ಗುರುತಿಸುವ ಎತ್ತು, ಯಜಮಾನನ ಗೋದಲಿಯನ್ನು ಬಲ್ಲ ಕತ್ತೆ ಎಂದು ಯೆಶಾಯನ ಪುಸ್ತಕದಲ್ಲಿ ಬರುವ ಮಾತಿನಿಂದ ಅವು ನಡೆದುಬಂದು ಮಗುವಿನ ಪಕ್ಕ ನಿಂತವು. ಕೊಟ್ಟಿಗೆಯಲ್ಲಿ ದನ ಕಟ್ಟಿದವರಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣದು. ಸಂಕ್ರಾಂತಿಯ ಸಂಜೆ ದನಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಕಿಚ್ಚು ಹಾಯಿಸುವ ಊರಿನವರು ನಾವು. ಹಬ್ಬವೆಂದ ಮೇಲೆ ದನಗಳಿಗೂ ಪಾಲಿರಬೇಕು.

ಕ್ರಿಸ್‌ಮಸ್ ಪರದೇಶಿ ಹಬ್ಬ ಎನ್ನುವವರು ಹೆಚ್ಚಾಗಿ ಮರವನ್ನೂ ಕೆಂಪು ಅಂಗಿಯ ತಾತನನ್ನೂ ನೋಡಿ ಹಾಗೆನ್ನುತ್ತಾರೆ. ಅವೆರಡೂ ಹಬ್ಬದ ಕಿರಿಯ ಮಕ್ಕಳು. ಅಲಂಕಾರದ ಮರ ಜರ್ಮನಿಯ ಕಡೆ ಹುಟ್ಟಿ, 1848ರಲ್ಲಿ ವಿಕ್ಟೋರಿಯಾ ರಾಣಿಯ ಮನೆಯ ಮರದ ಚಿತ್ರ ಲಂಡನ್ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಇಂಗ್ಲೆಂಡಿನ ಮನೆಮನೆಗೆ ಹೋಯಿತು. ಅದೇ ಇಂಗ್ಲೆಂಡಿನ ಪಾರ್ಲಿಮೆಂಟು 1647ರಲ್ಲಿ ಕ್ರಿಸ್‌ಮಸ್ಸನ್ನೇ ನಿಷೇಧಿಸಿತ್ತು! ತಾತನ ಮೂಲಪುರುಷ ನಿಕೋಲಸ್, ಈಗಿನ ಟರ್ಕಿಯ ಮೈರಾ ಪಟ್ಟಣದ ಬಿಷಪ್. ಮೂರು ಬಡ ಹೆಣ್ಣುಮಕ್ಕಳ ಮದುವೆಗೆಂದು ರಾತ್ರಿ ಯಾರಿಗೂ ಕಾಣದಂತೆ ಚಿನ್ನದ ಗಂಟು ಎಸೆದುಹೋದನೆಂಬ ಕಥೆಯೇ ಅವನ ಕೀರ್ತಿ. ಹೆಣ್ಣು ಹೆತ್ತವರ ಕಷ್ಟ ಬಲ್ಲ ನಮ್ಮ ನಾಡಿನಲ್ಲಿ ಈ ಕಥೆಗೆ ಟಿಪ್ಪಣಿ ಬೇಡ.

ಹುತ್ರಿದುರ್ಗಕ್ಕೆ ಕ್ರಿಸ್‌ಮಸ್ ಬಂದ ಒಂದು ಬಗೆ ಮಾತ್ರ ನೆನೆದರೆ ಸಂಕಟವಾಗುತ್ತದೆ. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೇನೆ 1791ರ ಡಿಸೆಂಬರ್ 21ಕ್ಕೆ ಸಾವನದುರ್ಗವನ್ನು ಹಿಡಿದು, ಮೂರು ದಿನ ಕಳೆದು, 24ನೆಯ ತಾರೀಖು ಈ ಬೆಟ್ಟಕ್ಕೆ ಲಗ್ಗೆ ಹಾಕಿತು. ಕೆಂಪೇಗೌಡರ ಕಾಲದ ಕೋಟೆ, ಬಾಗಿಲು ದಾಟಿದರೆ ಬಾಗಿಲು, ಗೋಡೆ ಹತ್ತಿದರೆ ಗೋಡೆ. ಆದರೂ ಅದು ಬಿತ್ತು. ಶಾಂತಿಯ ಕೂಸು ಹುಟ್ಟಿದ ಹಬ್ಬದ ಹಿಂದಿನ ದಿನ. ತುದಿಯ ಶಂಕರೇಶ್ವರನ ಗುಡಿಗೆ ಹೋಗುವಾಗ ಆ ಬಾಗಿಲುಗಳಲ್ಲಿ ನಾನು ಸುಮ್ಮನೆ ದಾಟಿಹೋಗಲಾರೆ. ಎರಡೂ ಸೇನೆಗಳಲ್ಲಿ ಈ ದೇಶದ ಸಿಪಾಯಿಗಳಿದ್ದರು.

ಅದಾದ ಅರ್ಧ ಶತಮಾನದೊಳಗೆ ಈ ಸೀಮೆಗೆ ಬಂದವರು ಬೇರೆ ಬಗೆಯವರು. 1839ರಲ್ಲಿ ವಿಲಿಯಂ ಆರ್ಥರ್ ಎಂಬ ಇಪ್ಪತ್ತು ವರ್ಷದ ವೆಸ್ಲಿಯನ್ ಪಾದ್ರಿ ಗುಬ್ಬಿಗೆ ಬಂದು ಕನ್ನಡ ಕಲಿತು, ಆರೋಗ್ಯ ಕೆಟ್ಟು ಊರಿಗೆ ಹಿಂದಿರುಗಿ, 1847ರಲ್ಲಿ ಇಲ್ಲಿನ ದಿನಗಳ ಬಗ್ಗೆ ಪುಸ್ತಕ ಬರೆದ. ಹೀಗೆ ಬಂದ ಹಬ್ಬ ತುಮಕೂರು, ಗುಬ್ಬಿಗಳಲ್ಲಿ ಇಲ್ಲಿನದನ್ನೇ ಉಟ್ಟು ಉಂಡು ಬೆಳೆಯಿತು. ನಮ್ಮ ಮಿಸ್ ಮನೆಯ ಮರ ಸರ್ವೆ ತೋಪಿನ ಕೊಂಬೆ. ನಕ್ಷತ್ರ ಬಿದಿರು ದಬ್ಬೆಯದು. ನಾವು ಹುಡುಗರೇ ದಬ್ಬೆ ಸೀಳಿ, ದಾರ ಸುತ್ತಿ, ಮೈದಾ ಅಂಟಿನಲ್ಲಿ ಗಾಳಿಪಟದ ಕಾಗದ ಹಚ್ಚಿ, ಒಳಗೊಂದು ಬಲ್ಬು ಇಳಿಬಿಟ್ಟು ಜಗಲಿಗೆ ಕಟ್ಟುತ್ತಿದ್ದೆವು. ಕೇಕು ಇರಲಿಲ್ಲ. ತಿಪಟೂರು ಕೊಬ್ಬರಿ ತುರಿದು, ಹುರಿಗಡಲೆ, ಸಕ್ಕರೆ, ಗಸಗಸೆ, ಏಲಕ್ಕಿ ಸೇರಿಸಿ ತುಂಬಿದ ಕರ್ಜಿಕಾಯಿ ಇತ್ತು. ಮಂಗಳೂರಿನ ಕ್ಯಾಥೊಲಿಕರ ಕುಸ್ವಾರ್ ಎಂಬ ಹಬ್ಬದ ತಿಂಡಿಗಳ ತಟ್ಟೆಯಲ್ಲಿ ನೆವ್ರಿ ಎಂಬ ಹೆಸರಲ್ಲಿ ಕೂತಿರುವುದೂ ಇದರ ಒಡಹುಟ್ಟೇ.

ಆ ಕರ್ಜಿಕಾಯಿ ಸ್ಟೀಲ್ ಡಬ್ಬದಲ್ಲಿ ನಮ್ಮ ಮನೆಗೆ ಬರುತ್ತಿತ್ತು. ತಿಂದು ಮುಗಿಸಿ ನಾನು ಡಬ್ಬ ಕೊಟ್ಟುಬರಲು ಹೊರಟರೆ ಅಜ್ಜಿ ಬಿಡುತ್ತಿರಲಿಲ್ಲ: “ಖಾಲಿ ಡಬ್ಬ ಕಳಿಸಬಾರ್ದು ಕಣ್ಲಾ, ಸಂಕ್ರಾಂತಿ ಬರ್ಲಿ ತಡಿ.” ಸೂರ್ಯನ ತಿರುವಿಗೂ ಸಂಕ್ರಮಣಕ್ಕೂ ನಡುವೆ ಬೆಳೆದ ಆ ಮೂರು ವಾರ ಡಬ್ಬ ನಮ್ಮ ಅಡಿಗೆಮನೆಯ ಗೂಡಿನಲ್ಲೇ ಕಾಯುತ್ತಿತ್ತು, ಆಮೇಲೆ ಎಳ್ಳು, ಬೆಲ್ಲ, ಕಡಲೆಬೀಜ, ಅದೇ ತಿಪಟೂರು ಕೊಬ್ಬರಿಯ ಚೂರು ತುಂಬಿಕೊಂಡು, ಮೇಲೊಂದು ಕಬ್ಬಿನ ಜಲ್ಲೆಯನ್ನೂ ಜೊತೆಮಾಡಿಕೊಂಡು ಹೊರಡುತ್ತಿತ್ತು. ಮಿಸ್ ಮುಂದೆ ಗುಬ್ಬಿಗೆ ವರ್ಗವಾಗಿ ಹೋದರು. ಡಬ್ಬದ ಓಡಾಟ ನಿಲ್ಲಲಿಲ್ಲ. ಬಸ್ಸಿನ ಕಂಡಕ್ಟರುಗಳ ಕೈಯಲ್ಲಿ ಡಿಸೆಂಬರಿನಲ್ಲಿ ಬಂದು ಜನವರಿಯಲ್ಲಿ ಹೋಗುತ್ತ ಇನ್ನೂ ಎಷ್ಟೋ ವರ್ಷ ನಡೆಯಿತು.