ಓಡದ ಕಾರಿಗೂ ಆಯಿಲ್ ಬೇಕು

ನಮ್ಮ ಮನೆಯಲ್ಲಿ ಕಾರಿದೆ ಎಂದ ಕೂಡಲೇ ನಮ್ಮನ್ನು ದೊಡ್ಡ ಅನುಕೂಲಸ್ಥರೆಂದು ತಿಳಿಯಬೇಡಿ. ಅದು ನಮ್ಮ ಮಾವನವರು ನೀರಾವರಿ ಇಲಾಖೆಯಿಂದ ನಿವೃತ್ತರಾದಾಗ ಬಂದ ಹಣದಲ್ಲಿ, 2009ರಲ್ಲಿ ಆಸೆಪಟ್ಟು ಕೊಂಡ ಮಾರುತಿ 800. ಕೆ.ಆರ್.ಎಸ್.ನಲ್ಲಿರುವವರಿಗೆ ಕಾರಿನ ಕೆಲಸವಾದರೂ ಏನು ಹೇಳಿ? ಹಾಲು, ತರಕಾರಿ, ದಿನಸಿ ಎಲ್ಲ ನಡೆದು ಹೋಗುವಷ್ಟು ಹತ್ತಿರ. ಮೈಸೂರಿಗೆ ಬಸ್ಸಿದೆ. ಭಾನುವಾರ ಬಂತೆಂದರೆ ಬೃಂದಾವನ ನೋಡಲು ಬರುವವರ ವಾಹನಗಳ ನಡುವೆ ನಮ್ಮ ಕಾರನ್ನು ಬೀದಿಗಿಳಿಸುವುದೇ ಕಷ್ಟ. ಹಾಗಾಗಿ ವರ್ಷದಲ್ಲಿ ಮುಕ್ಕಾಲು ಪಾಲು ಅದು ಶೆಡ್ಡಿನಲ್ಲೇ ನನ್ನ ಹಳೆಯ ಸೀರೆಯೊಂದನ್ನು ಹೊದ್ದುಕೊಂಡು ನಿಂತಿರುತ್ತದೆ.

ಮಾವನವರು 2020ರಲ್ಲಿ ತೀರಿಕೊಂಡರು. ಕಾರನ್ನು ಮಾರಿಬಿಡೋಣವೆಂದರೆ ಅತ್ತೆಯವರು ಒಪ್ಪಲಿಲ್ಲ. "ಅವರ ಕೈಲಿ ಓಡಿದ ಗಾಡಿ ಕಣಮ್ಮ, ನಾನಿರೋವರ್ಗೂ ಇರ್ಲಿ" ಎಂದರು. ಸರಿ, ಇರಲಿ ಎಂದು ನಮ್ಮವರು ಪ್ರತಿ ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡೇ ಶೆಡ್ಡಿಗೆ ಹೋಗಿ, ನಿಂತಲ್ಲೇ ಐದು ನಿಮಿಷ ಇಂಜಿನ್ ಚಾಲೂ ಮಾಡಿ, ಗುರ್ ಗುರ್ ಅನ್ನಿಸಿ ಆರಿಸಿ ಬರುತ್ತಿದ್ದರು. ಕಾರಿನ ಆರೋಗ್ಯಕ್ಕೆ ಇದು ಬಹಳ ಒಳ್ಳೆಯದೆಂದು ಅವರ ನಂಬಿಕೆ. ನನ್ನದೂ ಅದೇ ಆಗಿತ್ತೆನ್ನಿ. ಆಯುಧಪೂಜೆಗೆ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ನಾಲ್ಕು ಚಕ್ರದಡಿ ನಿಂಬೆಹಣ್ಣಿಟ್ಟು ಮುಂದಕ್ಕೆ ಓಡಿಸಿದರೆ ವರ್ಷದ ಸೇವೆ ಮುಗಿಯಿತು.

"ರೀ, ಸರ್ವಿಸ್ ಮಾಡಿಸ್ಬೇಡ್ವೇ?" ಎಂದು ಒಂದೆರಡು ಸಲ ಕೇಳಿದ್ದುಂಟು.

"ಮೀಟರ್ ನೋಡೇ. ವರ್ಷಕ್ಕೆ ಏಳ್ನೂರು ಕಿಲೋಮೀಟರ್ ಓಡಿದ್ರೆ ಹೆಚ್ಚು. ಆಯಿಲ್ ಬದಲಾಯ್ಸೋದು ಐದು ಸಾವಿರಕ್ಕೆ. ಆ ಲೆಕ್ಕದಲ್ಲಿ ಏಳು ವರ್ಷಕ್ಕೊಂದ್ಸಲ ಸಾಕು!"

ಎಸ್ಸೆಸ್ಸೆಲ್ಸಿಯವರೆಗೆ ಓದಿದ ನನಗೂ ಆ ಲೆಕ್ಕ ಸರಿಯಾಗಿಯೇ ಕಂಡಿತು.

2023ರ ಕಾರ್ತಿಕ ಮಾಸದಲ್ಲಿ ಅತ್ತೆಯವರಿಗೆ ಮೈಸೂರಿನಲ್ಲಿ ಕಣ್ಣಿನ ಪೊರೆ ತೆಗೆಸುವುದೆಂದು ಗೊತ್ತಾಗಿತ್ತು. ಬೆಳಿಗ್ಗೆ ಎಂಟಕ್ಕೆ ಅಲ್ಲಿರಬೇಕು. ಸ್ವೆಟರ್ ತೊಡಿಸಿ, ಮಾವನವರ ಕಾರಿನಲ್ಲೇ ಹೊರಟೆವು. ಬೆಳಗೊಳ ದಾಟಿ ಸ್ವಲ್ಪ ದೂರ ಹೋಗಿದ್ದೆವು, ಸ್ಟೀರಿಂಗ್ ಎದುರಿಗೆ ಎಣ್ಣೆ ಹೂಜಿಯಂತಹ ಒಂದು ಕೆಂಪು ದೀಪ ಹತ್ತಿಕೊಂಡಿತು. "ಅದೇನ್ರೀ?" ಎಂದೆ. "ವೈರ್ ಲೂಸಾಗಿರ್ಬೇಕು, ಇನ್ನೇನು ಬಂದೇಬಿಟ್ವಿ" ಎಂದು ಇವರು ಓಡಿಸಿಕೊಂಡೇ ಹೋದರು. ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಒಳಗಿನಿಂದ ಟಕ ಟಕ ಸದ್ದು ಶುರುವಾಯಿತು. ಆಮೇಲೆ ಕಾರು ನಿಂತೇಬಿಟ್ಟಿತು.

ಆ ಚಳಿಯಲ್ಲಿ ಅತ್ತೆಯವರನ್ನು ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂರಿಸಿಕೊಂಡು ಆಟೋ ಕಾದದ್ದು ನನಗಿನ್ನೂ ಮರೆತಿಲ್ಲ. ತಲುಪುವಷ್ಟರಲ್ಲಿ ಸರದಿ ತಪ್ಪಿಹೋಗಿತ್ತು. ಆಪರೇಷನ್ನು ಹದಿನೈದು ದಿನ ಮುಂದಕ್ಕೆ ಹೋಯಿತು. ಆ ಹದಿನೈದು ದಿನ ಅವರು ಅನ್ನದ ತಟ್ಟೆಯನ್ನೂ ತಡಕಾಡಿಕೊಂಡು ಉಂಡರು. ಆದರೂ ಮಗನನ್ನು ಒಂದು ಮಾತೂ ಆಡಲಿಲ್ಲ.

ಗ್ಯಾರೇಜಿನ ಹುಡುಗ ಬಾನೆಟ್ ಎತ್ತಿ, ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ನನಗೇ ತೋರಿಸಿದ. ಮುಚ್ಚಳದ ಒಳಮೈಗೆ ಕೆನೆಯಂತಹ ಹಳದಿ ಬಿಳುಪಿನ ಲೋಳೆ ಮೆತ್ತಿಕೊಂಡಿತ್ತು. "ನೋಡಿ ಅಕ್ಕ, ಮೇಲೆ ಹಿಂಗೆ, ಕೆಳಗೆ ಚೇಂಬರ್‌ನಾಗೆ ಡಾಂಬರಾಗೋಗದೆ. ಎಷ್ಟು ವರ್ಷ ಆಯ್ತು ಆಯಿಲ್ ಚೇಂಜ್ ಮಾಡ್ಸಿ?" ಎಂದ. ನಾಲ್ಕು ವರ್ಷ ಎನ್ನಲು ನಾಚಿಕೆಯಾಯಿತು. ಓಡಿದ್ದೇ ಕಡಿಮೆ ಎಂದೆ. "ಓಡ್ಸಿದ್ರೆ ಇಷ್ಟು ಕೆಡ್ತಿರ್ಲಿಲ್ಲ ಅಕ್ಕ, ನಿಲ್ಸಿ ನಿಲ್ಸಿನೇ ಕೆಡ್ಸಿರೋದು" ಎಂದುಬಿಟ್ಟ!

ಅವನು ಹೇಳಿದ್ದನ್ನು ನಮ್ಮ ಅಡುಗೆಮನೆಯ ಭಾಷೆಯಲ್ಲೇ ಹೇಳುತ್ತೇನೆ. ಪೆಟ್ರೋಲ್ ಉರಿದಾಗ ಹೊಗೆಯ ಜೊತೆಗೆ ನೀರಿನ ಆವಿಯೂ ಹುಟ್ಟುತ್ತದೆ. ಇಂಜಿನ್ ಚೆನ್ನಾಗಿ ಕಾದು ಅರ್ಧ ಗಂಟೆ ಓಡಿದರೆ ಆ ಆವಿಯೆಲ್ಲ ಹೊರಟುಹೋಗುತ್ತದೆ. ಐದು ನಿಮಿಷಕ್ಕೇ ಆರಿಸಿದರೋ, ಬಿಸಿ ಅನ್ನದ ಪಾತ್ರೆಗೆ ಮುಚ್ಚಿದ ತಟ್ಟೆಯಡಿ ಹನಿ ಕೂರುವುದಿಲ್ಲವೇ, ಹಾಗೆ ಒಳಗೇ ನೀರಾಗಿ ಆಯಿಲ್‌ಗೆ ಇಳಿಯುತ್ತದೆ. ಸರಿಯಾಗಿ ಉರಿಯದ ಪೆಟ್ರೋಲೂ ಅಷ್ಟಿಷ್ಟು ಸೇರುತ್ತದೆ. ಆಯಿಲ್ ತೆಳುವಾಗಿ, ಹುಳಿಯಾಗಿ, ಲೋಹವನ್ನೇ ತಿನ್ನತೊಡಗುತ್ತದೆ. ಕೊನೆಗೆ ಕೆಸರಾಗಿ ತಳದ ಜಾಲರಿಗೆ ಕಟ್ಟಿಕೊಂಡಾಗ ಮೇಲಕ್ಕೆ ಎಣ್ಣೆ ಏರುವುದಿಲ್ಲ, ಕೆಂಪು ದೀಪ ಹತ್ತುತ್ತದೆ. ಬೋಂಡ ಕರಿದ ಎಣ್ಣೆಗೆ ನೀರು ಬಿದ್ದಿದ್ದರೂ ನಾಲ್ಕು ವರ್ಷ ಮುಚ್ಚಿಟ್ಟು ಮತ್ತೆ ಅದರಲ್ಲೇ ಕರಿದ ಹಾಗಾಯಿತು ನಮ್ಮ ಕಥೆ. ಪ್ರತಿ ಭಾನುವಾರದ ಆ ಗುರ್ ಗುರ್ ಸೇವೆಯೇ ಕಾರಿಗೆ ಮುಳುವಾಗಿತ್ತು.

ದೀಪ ಹತ್ತಿದ ತಕ್ಷಣ ಆರಿಸಿದ್ದರೆ ಅರ್ಧ ಖರ್ಚಿನಲ್ಲಿ ಮುಗಿಯುತ್ತಿತ್ತಂತೆ. ಬೇರಿಂಗು ಸವೆದು ಬಿಲ್ಲು 18,000 ರೂಪಾಯಿ ಆಯಿತು. ಅದು ಮಗಳ ಹಾಸ್ಟೆಲ್ ಫೀಸಿಗೆಂದು ನಾನು ಎತ್ತಿದ ಚೀಟಿ ಹಣ. ಕೊಡುವಾಗ ನಾನೂ ಮಾತಾಡಲಿಲ್ಲ, ಇವರೂ ಮಾತಾಡಲಿಲ್ಲ.

ಒಂದು ವಾರದ ಮೇಲೆ ಮಾವನವರ ಪೆಟ್ಟಿಗೆಯಲ್ಲಿ ಏನನ್ನೋ ಹುಡುಕುವಾಗ ಒಂದು ಸಣ್ಣ ನೋಟುಬುಕ್ಕು ಸಿಕ್ಕಿತು. ಕೊಂಡ ವರ್ಷದಿಂದ 2019ರವರೆಗೆ ಪ್ರತಿ ಆಯುಧಪೂಜೆಯ ಹಿಂದಿನ ವಾರ ಒಂದೊಂದು ಸಾಲು: ತಾರೀಖು, ಮೀಟರ್, "ಆಯಿಲ್, ಫಿಲ್ಟರ್". ಒಂದು ವರ್ಷ 600 ಕಿಲೋಮೀಟರ್ ಕೂಡ ಓಡಿಲ್ಲ, ಆದರೂ ಬದಲಾಯಿಸಿದ್ದಾರೆ. ನಾವು ಅವರಿಂದ ಬೂದುಗುಂಬಳ ಒಡೆಯುವುದನ್ನು ಕಲಿತಿದ್ದೆವು, ಇದನ್ನು ಬಿಟ್ಟಿದ್ದೆವು. "ನಿಮಗೆ ಗೊತ್ತಿತ್ತಾ ಅತ್ತೆ?" ಎಂದರೆ, "ಗೊತ್ತಿತ್ತು. ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಹೆಂಗಸ್ರಿಗೇನು ಗೊತ್ತು ಅಂತೀರಿ ಅಂತ ಸುಮ್ನಿದ್ದೆ" ಎಂದರು.

ಈಗ ನಾನು ವಿಚಾರಿಸಿ ತಿಳಿದದ್ದಿಷ್ಟು. ಈಚಿನ ಕಾರುಗಳಿಗೆ ಸಾಮಾನ್ಯವಾಗಿ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಕಾರಿನ ಜೊತೆ ಕೊಡುವ ಪುಸ್ತಕದಲ್ಲಿ ಈ "ಯಾವುದು ಮೊದಲೋ" ಎಂಬುದನ್ನು ಯಾರೂ ಓದುವುದಿಲ್ಲ. ನಿಂತೇ ಇರುವ ಕಾರಿಗೆ ಕಿಲೋಮೀಟರ್ ಬಿಟ್ಟು ಕ್ಯಾಲೆಂಡರ್ ನೋಡಬೇಕು. ವರ್ಷಕ್ಕೊಮ್ಮೆ ತಪ್ಪಿಸಬಾರದು. ಮಾರುಕಟ್ಟೆಗೆ ಹೋಗಿ ಬರುವಷ್ಟೇ ಓಡುವ ಹಳೆಯ ಗಾಡಿಯಾದರೆ ಆರು ತಿಂಗಳಿಗೊಮ್ಮೆ ಒಳ್ಳೆಯದೆಂದು ಆ ಹುಡುಗನ ಮಾತು. ನಮ್ಮ ಕಾರಿಗೆ ಹಿಡಿಯುವುದು ಸುಮಾರು ಮೂರು ಲೀಟರ್. ಫಿಲ್ಟರು, ಕೂಲಿ ಎಲ್ಲ ಸೇರಿ 18,000ದ ಹತ್ತನೇ ಒಂದು ಪಾಲೂ ಆಗಲಿಲ್ಲ. ನಮ್ಮ ಬೀದಿಯಲ್ಲಿ ಕೆಲವರು ಮಗನ ಮನೆಗೆಂದು ಆರು ತಿಂಗಳು ಅಮೆರಿಕಕ್ಕೆ ಹೋಗುತ್ತಾರಲ್ಲ, ಅಂಥವರು ಬಂದ ಮೇಲಲ್ಲ, ಹೋಗುವ ಮೊದಲೇ ಬದಲಾಯಿಸಿ ಹೋಗಬೇಕು. ಇಲ್ಲದಿದ್ದರೆ ಹುಳಿ ಎಣ್ಣೆ ಒಳಗೇ ಕೂತಿರುತ್ತದೆ. ಮುಚ್ಚಳದಲ್ಲಷ್ಟೇ ಅಲ್ಲ, ಅಳತೆಯ ಕಡ್ಡಿಯಲ್ಲೂ ಕಾಫಿ ಬಣ್ಣದ ನೊರೆ ಕಂಡರೆ ಮಾತ್ರ ತಡಮಾಡದೆ ತೋರಿಸಿ. ರೇಡಿಯೇಟರ್ ನೀರೇ ಸೇರುತ್ತಿರಬಹುದು. ಅಂದ ಹಾಗೆ, ಇಳಿಸಿದ ಹಳೇ ಆಯಿಲನ್ನು ದಯವಿಟ್ಟು ನಾಲೆಗೆ ಸುರಿಯಬೇಡಿ, ಗ್ಯಾರೇಜಿನಲ್ಲೇ ಬಿಟ್ಟುಬನ್ನಿ.

ನಮ್ಮವರ ಭಾನುವಾರದ ಸೇವೆ ನಿಂತಿದೆ. ಈಗ ಹದಿನೈದು ದಿನಕ್ಕೊಮ್ಮೆ ಪಾಂಡವಪುರಕ್ಕೋ, ಅತ್ತೆಗೆ ಮನಸ್ಸಾದರೆ ಮೇಲುಕೋಟೆಗೋ ಹೋಗಿ ಬರುತ್ತೇವೆ. ಮುಂದಿನ ಸೀಟು ಅವರದೇ. ಪೊರೆ ತೆಗೆಸಿದ ಮೇಲೆ ದಾರಿಯ ಬೋರ್ಡುಗಳನ್ನೆಲ್ಲ ಜೋರಾಗಿ ಓದುತ್ತಾರೆ.

ಹೋದ ಆಯುಧಪೂಜೆಯ ಸಾಲನ್ನು ಮಾವನವರ ನೋಟುಬುಕ್ಕಿನಲ್ಲಿ ನಾನೇ ಬರೆದೆ. ಅತ್ತೆ ಪುಸ್ತಕ ಇಸಿದುಕೊಂಡು ನೋಡಿ, "ಫಿಲ್ಟರ್ ಅಂತ ಬರೀಲೇ ಇಲ್ವಲ್ಲಮ್ಮ" ಎಂದರು. ಮತ್ತೆ ಪೆನ್ನು ತಂದು ಅದನ್ನೂ ಸೇರಿಸಿದೆ.