ದೀಪ ಹಚ್ಚುವ ಹೊತ್ತಿನ ಗುಂಯ್

ಸಂಜೆ ಏಳಾಯಿತೆಂದರೆ ನನ್ನ ಕೋಣೆಯ ಮರದ ಪೆಟ್ಟಿಗೆ ತಾನಾಗಿಯೇ ಶ್ರುತಿ ಹಿಡಿಯುತ್ತಿತ್ತು. ಗುಂಯ್ ಎಂದು ಶುರುವಾಗಿ, ನಮ್ಮ ಕೆಜಿಎಫ್‌ನ ಆಂಡರ್ಸನ್‌ಪೇಟೆ ಮಲಗುವ ಹೊತ್ತಿಗೆ ತಾನೂ ಸುಮ್ಮನಾಗುತ್ತಿತ್ತು. "ಏನೋ ಅದು, ಸಾಯಂಕಾಲ ಆದ್ರೆ ಜೇನುಗೂಡಿಗೆ ಕಲ್ಲು ಹೊಡ್ದಂಗೆ?" ಅಂದಳು ಅಮ್ಮ.

ಪೆಟ್ಟಿಗೆ ಎಂದರೆ ಮಾಡ್ಯುಲರ್ ಸಿಂಥಸೈಸರು. ಸ್ವರ ಹುಟ್ಟಿಸುವುದು ಒಂದು ಹಲಗೆ (ಆಸಿಲೇಟರು), ಅದರ ಒರಟು ತೆಗೆಯುವುದು ಇನ್ನೊಂದು (ಫಿಲ್ಟರು), ಏರಿಳಿಸುವುದು ಮತ್ತೊಂದು; ನಡುವೆ ವೈರು ಚುಚ್ಚಿ ನಾವೇ ಸಂಬಂಧ ಕೂಡಿಸಬೇಕು. 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಕಂಪನಿಯ ಇಂಥದೊಂದನ್ನು ಕೂರಿಸಿದ್ದ. ನನ್ನದು ಆ ವಂಶದ ಬಡ ಮೊಮ್ಮಗ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಸಾಮಾನು ತಂದು ಭಾನುವಾರಗಳಲ್ಲಿ ಬೆಸುಗೆ ಹಾಕಿ ಕಟ್ಟಿದ್ದು.

ಇದರಲ್ಲಿ ಒಂದು ವೋಲ್ಟ್ ಹೆಚ್ಚಿಸಿದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಸ್ಥಾಯಿಗೆ ಹನ್ನೆರಡು ಸ್ವರಸ್ಥಾನ. ಹಾಗಾಗಿ ಒಂದರಿಂದ ಇನ್ನೊಂದಕ್ಕೆ 83 ಮಿಲಿವೋಲ್ಟ್. ಅಷ್ಟು ಸಣ್ಣ ಅಳತೆಯ ಮೇಲೆ ನಿಂತ ಸಂಗೀತ ಇದು. ಕರೆಂಟು ಅಲುಗಿದರೆ ಷಡ್ಜ ಋಷಭದ ಕಡೆ ಜಾರುತ್ತದೆ. ಅಮ್ಮನ ರಾಡೆಲ್ ಎಲೆಕ್ಟ್ರಾನಿಕ್ ತಂಬೂರಿಯನ್ನು ಪಕ್ಕದಲ್ಲಿಟ್ಟುಕೊಂಡು ನಾನು ಶ್ರುತಿ ಕೂಡಿಸುವುದು. ಜಾರಿದ್ದು ನನ್ನ ಕಿವಿಗಿಂತ ಮೊದಲು ಅಡುಗೆಮನೆಯಲ್ಲಿರುವ ಅವಳ ಕಿವಿಗೆ ಗೊತ್ತಾಗುತ್ತದೆ.

ಬಾರಿಸುವುದಕ್ಕಿಂತ ರಿಪೇರಿಯೇ ನನಗೆ ಹೆಚ್ಚು ಇಷ್ಟ ಎಂದರೆ ಸ್ನೇಹಿತರು ನಗುತ್ತಾರೆ. ನಗಲಿ. ಮೊದಲ ತಿಂಗಳಲ್ಲೇ ಹಲಗೆಗೆ ಕರೆಂಟು ಒಯ್ಯುವ ಒಂದು ಪಟ್ಟಿ ಕೇಬಲ್ ತಿರುವುಮುರುವಾಗಿ ಚುಚ್ಚಿದ್ದೆ. ಅದರ ಕೆಂಪು ಗೆರೆ ಮೈನಸ್ 12 ವೋಲ್ಟಿನ ಕಡೆ ಇರಬೇಕು. ಕೆಂಪು ಅಂದರೆ ಪ್ಲಸ್ ಎಂದು ನಂಬಿ ಬೆಳೆದ ನನ್ನ ಕೈ ಕೇಳಲಿಲ್ಲ. ಎಂಟು ಕಾಲಿನ ಒಂದು ಐಸಿ ಟಪ್ ಎಂದು ಹೊಟ್ಟೆ ಒಡೆದುಕೊಂಡಿತು. ಸುಟ್ಟ ಐಸಿಯ ವಾಸನೆ ಒಮ್ಮೆ ಮೂಗಿಗೆ ಬಿದ್ದವನು ಆಮೇಲೆ ಜನ್ಮದಲ್ಲಿ ಕೆಂಪು ಗೆರೆ ನೋಡದೆ ಸ್ವಿಚ್ ಹಾಕುವುದಿಲ್ಲ.

ಸಂಜೆಯ ಈ ಗುಂಯ್‌ನ ಮೂಲ ಮಾತ್ರ ಅಷ್ಟು ಸಲೀಸಾಗಿ ಸಿಗಲಿಲ್ಲ. ಗೋಡೆಯ ಕರೆಂಟು ಸೆಕೆಂಡಿಗೆ 50 ಸಲ ತೂಗುತ್ತದೆ, ಡಯೋಡು ಅದನ್ನು ಮಡಿಸಿ 100 ಮಾಡುತ್ತದೆ. ನನ್ನ ಪೆಟ್ಟಿಗೆ ಹಾಡುತ್ತಿದ್ದುದು ಆ 100ನ್ನೇ. ಇಲ್ಲಿ ಊರಿನ ಜಂಬ ಸ್ವಲ್ಪ ಕೊಚ್ಚಿಕೊಳ್ಳುತ್ತೇನೆ. ಕೆಜಿಎಫ್‌ನ ಗಣಿಗಳಿಗೆ 92 ಮೈಲಿ ದೂರದ ಶಿವನಸಮುದ್ರದಿಂದ ಕರೆಂಟು ಬಂದದ್ದು 1902ರಲ್ಲಿ. ಬೆಂಗಳೂರಿನ ಬೀದಿಗೆ ದೀಪ ಬರಲು 1905 ಆಗಬೇಕಾಯಿತು. ಆಗಿನದು ಸೆಕೆಂಡಿಗೆ 25 ಸಲ ತೂಗುವ ಕರೆಂಟು. ಅದರಲ್ಲಿ ನನ್ನ ಪೆಟ್ಟಿಗೆ ಗುಂಯ್‌ಗುಟ್ಟಿದ್ದರೆ ಸರಿಯಾಗಿ ಒಂದು ಸ್ಥಾಯಿ ಕೆಳಗೆ, ಮಂದ್ರದಲ್ಲಿ ಹಾಡುತ್ತಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಕರೆಂಟು ಉಳಿಯಿತು.

ಮೀಟರು ಹಿಡಿದು ಕೂತೆ. ಮಧ್ಯಾಹ್ನ ಅಳೆದರೆ ಎಲ್ಲ ಕಡೆ ಅಚ್ಚುಕಟ್ಟಾಗಿ 12.0. ಸಂಜೆ ಒಂದೊಂದೇ ಹಲಗೆ ಕಿತ್ತೆ. ಆಸಿಲೇಟರು ಕಿತ್ತಾಗ ಗುಂಯ್ ನಿಂತಿತು. ಸಿಕ್ಕಿದ ಕಳ್ಳ ಎಂದು ಅದನ್ನು ಬಿಚ್ಚಿ ಎರಡು ದಿನ ಗೋಳು ಹೊಯ್ದುಕೊಂಡೆ. ಅದರಲ್ಲಿ ಏನೂ ಇರಲಿಲ್ಲ. ವಾಪಸ್ ಹಾಕಿ ಫಿಲ್ಟರು ಕಿತ್ತೆ. ಆಗಲೂ ನಿಂತಿತು! ಯಾವ ಹಲಗೆ ಕಿತ್ತರೂ ನಿಲ್ಲುತ್ತದೆ, ಹಾಕಿದರೆ ಬರುತ್ತದೆ. ತುಂಬಿದ ಬಸ್ಸಿನಲ್ಲಿ ಕೊನೆಗೆ ಹತ್ತಿದವನನ್ನೇ ಬೈಯುವ ಕಂಡಕ್ಟರನಂತಾಗಿದ್ದೆ ನಾನು.

ಸುಳಿವು ಕೊಟ್ಟವಳು ಅಮ್ಮ, ಅದೂ ನನಗಲ್ಲ. ಪಕ್ಕದ ಮನೆಯ ಅಕ್ಕನ ಹತ್ತಿರ ಕಾಂಪೌಂಡಿನಿಂದ ಹೇಳುತ್ತಿದ್ದಳು: "ಈ ಹೊತ್ನಲ್ಲಿ ಚಟ್ನಿಗೆ ಹಾಕ್ಬೇಡಮ್ಮ, ಮಿಕ್ಸಿ ಮುಕ್ಕರಿಸ್ತೈತೆ. ನಾನು ನಾಲ್ಕಕ್ಕೇ ರುಬ್ಬಿಟ್ಟೆ."

ಮೀಟರನ್ನು ಪೆಟ್ಟಿಗೆಯಿಂದ ತೆಗೆದು ಗೋಡೆಯ ಪ್ಲಗ್ಗಿಗೆ ಹಿಡಿದೆ, ಒಂದು ಕೈ ಜೇಬಿನಲ್ಲಿಟ್ಟು. 230 ಇರಬೇಕಾದ ಕಡೆ 192. ಲೈನಿನಲ್ಲಿ ನಮ್ಮದು ಕೊನೆಯ ಮನೆ. ಏಳು ಗಂಟೆಗೆ ಬೀದಿಯೆಲ್ಲ ಹೀರಿ ಉಳಿದದ್ದು ನಮಗೆ.

ಆಮೇಲಿನದು ಬರೀ ಲೆಕ್ಕ. ವೋಲ್ಟೇಜು ಸಮವಾಗಿಡುವ ರೆಗ್ಯುಲೇಟರು 12 ವೋಲ್ಟ್ ಹೊರಗೆ ಕೊಡಬೇಕಾದರೆ ಒಳಗೆ ಸುಮಾರು 14 ಕೇಳುತ್ತದೆ. ಆ ಎರಡು ಅದರ ಕೂಲಿ. ನಾನು ಹಾಕಿದ್ದು 12-0-12ರ ಟ್ರಾನ್ಸ್‌ಫಾರ್ಮರು. ಗೋಡೆಯಲ್ಲಿ 230 ಇದ್ದರೆ ಅದರ ಅಲೆಯ ತುದಿ 17 ಮುಟ್ಟುತ್ತದೆ, ಡಯೋಡು ತಿಂದು 16ರ ಮೇಲೆ ಚೂರು ಉಳಿಯುತ್ತದೆ. 192 ಆದರೆ ಉಳಿಯುವುದು 13.3. ಸಾಲದ್ದಕ್ಕೆ ಕೆಪಾಸಿಟರು ಇದೆಯಲ್ಲ, ಅದು ತೊಟ್ಟಿ. ಸೆಕೆಂಡಿಗೆ 100 ಸಲ ಬಿಂದಿಗೆ ಸುರಿಯುತ್ತಾರೆ, ನಡುವೆ ನಲ್ಲಿಯಿಂದ ಹೋಗುತ್ತಲೇ ಇರುತ್ತದೆ, ಮಟ್ಟ ಇಳಿಯುತ್ತದೆ. ಕೋಲಾರ ಜಿಲ್ಲೆಯವರಿಗೆ ತೊಟ್ಟಿಯ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ. ನನ್ನ 2200 ಮೈಕ್ರೋಫ್ಯಾರಡ್ ತೊಟ್ಟಿಯಿಂದ ಅರ್ಧ ಆಂಪಿಯರ್ ಎಳೆದರೆ ಎರಡು ವೋಲ್ಟಿಗೂ ಹೆಚ್ಚು ತಗ್ಗುತ್ತದೆ. ಹನ್ನೆರಡಕ್ಕೂ ಕೆಳಗೆ! ಪ್ರತಿ ತಗ್ಗೂ ಹೊರಗೆ ಇಣುಕಿ ಗುಂಯ್ ಅನ್ನುತ್ತಿತ್ತು. ಹಲಗೆ ಕಿತ್ತಾಗ ಎಳೆತ ಕಮ್ಮಿಯಾಗಿ ತೊಟ್ಟಿ ಸುಧಾರಿಸಿಕೊಳ್ಳುತ್ತಿತ್ತು, ಅಷ್ಟೆ. ಪಾಪ, ಆಸಿಲೇಟರಿನದು ಏನೂ ತಪ್ಪಿರಲಿಲ್ಲ.

ಬಂಗಾರಪೇಟೆ ದಾಟಿ ಮತ್ತೆ ಎಸ್.ಪಿ. ರೋಡಿಗೆ ಹೋಗಿ 15-0-15 ತಂದೆ, ತೊಟ್ಟಿಯನ್ನು 4700 ಮಾಡಿದೆ. ಈಗ ಮಧ್ಯಾಹ್ನ ಗೋಡೆಯಲ್ಲಿ ಪೂರ್ತಿ ವೋಲ್ಟೇಜು ಇದ್ದಾಗ ಹೆಚ್ಚಾದದ್ದೆಲ್ಲ ರೆಗ್ಯುಲೇಟರಿನಲ್ಲಿ ಬಿಸಿಯಾಗಿ ಹೋಗುತ್ತದೆ; ಅದಕ್ಕೆ ಅಂಗೈಯಗಲದ ಅಲ್ಯೂಮಿನಿಯಂ ರೆಕ್ಕೆ ಕಟ್ಟಿದ್ದೇನೆ.

ಏಳಕ್ಕೆ ಸ್ವಿಚ್ ಹಾಕಿ ಕೂತೆ. ಏನೂ ಕೇಳಿಸಲಿಲ್ಲ. ಇಷ್ಟು ದಿನ ನಾನು ಬಾರಿಸಿದ್ದರಲ್ಲೆಲ್ಲ ಚೆಂದದ್ದು ಅದೇ ಇರಬೇಕು. ಅಮ್ಮ ಒಳಗಿಂದ "ಕರೆಂಟು ಹೋಯ್ತೇನೋ?" ಅಂದಳು.

ನೀವು ಯಾರಾದರೂ ಕಟ್ಟುವುದಿದ್ದರೆ ಮೊದಲೇ 15-0-15 ತೆಗೆದುಕೊಳ್ಳಿ. ಟ್ರಾನ್ಸ್‌ಫಾರ್ಮರಿನಲ್ಲಿ ನಾಲ್ಕು ಕಾಸು ಉಳಿಸಲು ಹೋಗಬೇಡಿ.