ಅಂತರಜಾಲದ ತರುಣರೊಡನೆ ಎರಡು ದಿನ



2024ರ ಡಿಸೆಂಬರ್ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಎರಡು ದಿನಗಳ ಪ್ರಾದೇಶಿಕ ಸಮಾವೇಶವೊಂದು ಜರುಗಿತು. ಅಂತರಜಾಲದ ತಾಣಗಳನ್ನು ಕಟ್ಟುವ, ಅವುಗಳಿಗೆ ಬೇಕಾದ ತಂತ್ರಾಂಶಗಳನ್ನು ಬರೆಯುವ ತರುಣ ತರುಣಿಯರು ಉತ್ತರ ಕರ್ನಾಟಕದ ಜಿಲ್ಲೆಗಳಿಂದಲೂ ನೆರೆಯ ತೆಲಂಗಾಣ, ಮಹಾರಾಷ್ಟ್ರಗಳಿಂದಲೂ ಬಂದು ಸೇರಿದ್ದರು. ಅರವತ್ತಾರು ವರುಷ ದಾಟಿದ, ಮಠದ ಪಾಠಶಾಲೆಯಲ್ಲಿ ವ್ಯಾಕರಣ ಓದಿ ಓಲೆಗರಿಗಳ ನಡುವೆಯೇ ಆಯುಷ್ಯ ಕಳೆದ ನಮಗೆ ಅಲ್ಲೇನು ಕೆಲಸವೆಂದು ತಾವು ಕೇಳಬಹುದು. ನಮ್ಮ ಮನೆಯಲ್ಲಿಯೂ ಅದೇ ಪ್ರಶ್ನೆ ಎದ್ದಿತ್ತು.

ಕಾರಣ ಇಷ್ಟೆ. 1987ರಿಂದ 1998ರವರೆಗೆ ಹನ್ನೊಂದು ವರುಷ ದುಡಿದು ನಾವು ಹಳಗನ್ನಡದ ಒಂದು ಪದಸೂಚಿಯನ್ನು ಸಿದ್ಧಪಡಿಸಿದ್ದೆವು. ಪರಿಚಯದ ಮುದ್ರಣಾಲಯದವರು ಅದನ್ನು ಡಿ.ಟಿ.ಪಿ. ಮಾಡಿ, ಒಂದು ಸಿ.ಡಿ.ಯಲ್ಲಿ ತುಂಬಿಕೊಟ್ಟರು. ಹಣದ ಅನುಕೂಲವಾಗದೆ ಗ್ರಂಥ ಅಚ್ಚಾಗಲಿಲ್ಲ. 2009ರ ಮಹಾಪೂರದಲ್ಲಿ ಮಲಪ್ರಭೆಯು ನಮ್ಮ ಮನೆಯ ಹೊಸ್ತಿಲು ದಾಟಿ ಒಳಬಂದಾಗ, ಕೈಬರಹದ ಮೂಲ ಚೀಟಿಗಳೆಲ್ಲ ನೀರುಪಾಲಾದವು. ಅಟ್ಟದ ಮೇಲಿದ್ದ ಸಿ.ಡಿ. ಮಾತ್ರ ಉಳಿಯಿತು. ಅದನ್ನು ಈಗಿನ ಗಣಕಯಂತ್ರದಲ್ಲಿ ತೆರೆದು ನೋಡಿದರೆ, ಕನ್ನಡದ ಒಂದಕ್ಷರವೂ ಕಾಣದೆ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಮಾತ್ರ ಕಾಣುತ್ತಿತ್ತು. ಹನ್ನೊಂದು ವರುಷದ ಕಾಯಕವು ಕಣ್ಣೆದುರಿಗೇ ಇದ್ದೂ ಇಲ್ಲದಂತಾಗಿತ್ತು. ನಮ್ಮ ತಮ್ಮನ ಮಗ, "ದೊಡ್ಡಪ್ಪಾ, ಆ ಹುಡುಗರು ಇಂಥಾವನ್ನ ಸರಿ ಮಾಡತಾರ, ಒಮ್ಮೆ ಬಂದು ನೋಡ್ರಿ" ಎಂದು ಒತ್ತಾಯಪಡಿಸಿ ಕರೆದೊಯ್ದನು.

ಸಭಾಂಗಣದಲ್ಲಿ ಎಲ್ಲರೂ ಇಪ್ಪತ್ತು ಮೂವತ್ತರ ಪ್ರಾಯದವರು. ಪ್ರತಿಯೊಬ್ಬರ ಮುಂದೆಯೂ ಒಂದೊಂದು ಲ್ಯಾಪ್‌ಟಾಪು. ಧೋತರ, ಶಲ್ಯ, ವಿಭೂತಿಯ ಹಣೆಯೊಡನೆ ಹೋಗಿ ನಿಂತ ನಮ್ಮನ್ನು ಉದ್ಘಾಟನೆಗೆ ಬಂದ ಅತಿಥಿಗಳೆಂದೇ ಭಾವಿಸಿ, ಮೊದಲ ಸಾಲಿನಲ್ಲಿ ಕೂಡ್ರಿಸಿದರು. ನಾವು ಬಂದ ಕಾರಣ ತಿಳಿದ ಮೇಲೆ ಗದಗಿನ ಕಡೆಯ ಒಬ್ಬ ತರುಣಿ ಸಿ.ಡಿ.ಯನ್ನು ಕೈಗೆತ್ತಿಕೊಂಡಳು.

ಆಕೆ ವಿವರಿಸಿದ ಸಂಗತಿಯನ್ನು ನಮಗೆ ತಿಳಿದಷ್ಟು ಹೇಳುತ್ತೇವೆ. ಯಂತ್ರಕ್ಕೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಮೊದಲು ಒಬ್ಬೊಬ್ಬ ತಯಾರಕರು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರಗಳನ್ನು ತಮಗೆ ತೋಚಿದಂತೆ ಕೂರಿಸಿದ್ದರು. ಆ ಅಚ್ಚಿನ ತಂತ್ರಾಂಶವಿಲ್ಲದ ಯಂತ್ರದಲ್ಲಿ ಕನ್ನಡ ಮಾಯವಾಗಿ ಇಂಗ್ಲಿಷ್ ಅಕ್ಷರಗಳು ಉಳಿಯುತ್ತಿದ್ದವು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಪಟ್ಟಿಯಲ್ಲಿ ಬೇರೆಬೇರೆ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆ 1991ರಲ್ಲಿ ಪ್ರಕಟವಾಯಿತು. ಅದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳು ಮೀಸಲು. ಅಕಾರದ ಸ್ಥಾನ 3205, ಕಕಾರದ ಸ್ಥಾನ 3221. ಕಲಬುರಗಿಯಲ್ಲಿ ಬರೆದ ಕಕಾರವು ಅಮೆರಿಕೆಯಲ್ಲಿಯೂ ಕಕಾರವಾಗಿಯೇ ಕಾಣುವುದು ಈ ಒಪ್ಪಂದದಿಂದ.

ಹಳೆಯ ಬರಹವನ್ನು ಈ ಸಂಖ್ಯೆಗಳಿಗೆ ಪರಿವರ್ತಿಸುವ ತಂತ್ರಾಂಶವನ್ನು ಆಕೆ ಓಡಿಸಿದಳು. ಕೆಲವೇ ನಿಮಿಷಗಳಲ್ಲಿ ನಮ್ಮ ಪದಸೂಚಿ ಪರದೆಯ ಮೇಲೆ ಮೂಡಿತು. ಇಪ್ಪತ್ತಾರು ವರುಷಗಳ ಮೇಲೆ ನಮ್ಮ ಬರಹವನ್ನು ಕಂಡ ಆ ಗಳಿಗೆಯಲ್ಲಿ ಕಣ್ಣು ತೇವಗೊಂಡಿದ್ದನ್ನು ಮರೆಮಾಚಲಾರೆವು. ಆದರೆ ಆಕೆಯ ಮುಖದಲ್ಲಿ ಸಂತೋಷವಿರಲಿಲ್ಲ.

"ಗುರುಗಳ, ಅಕ್ಷರ ಎಲ್ಲಾ ಬಂದಾವು. ಆದರ ನಡಬರಕ ಈ ಪ್ರಶ್ನೆ ಚಿಹ್ನೆ ಯಾಕ ಬಂದಾವು ತಿಳೀವಲ್ದು."

ನಾವು ಬಗ್ಗಿ ನೋಡಿದೆವು. ಆರುನೂರಕ್ಕೂ ಹೆಚ್ಚು ಕಡೆ ಆ ಚಿಹ್ನೆ ಕುಳಿತಿತ್ತು. ಕಾರಣ ಕೂಡಲೇ ಹೊಳೆಯಿತು. ಹಳಗನ್ನಡದ ಱ ಮತ್ತು ೞ ಎಂಬೆರಡು ಅಕ್ಷರಗಳು ಆ ಕಾಲದ ಅಚ್ಚಿನಲ್ಲಿ ಇರಲಿಲ್ಲವಾಗಿ, ಡಿ.ಟಿ.ಪಿ.ಯವರು ಅವನ್ನು ಪ್ರತ್ಯೇಕ ಚಿತ್ರಗಳಂತೆ ರಚಿಸಿ ಸೇರಿಸಿದ್ದರು. ಪರಿವರ್ತಕ ತಂತ್ರಾಂಶಕ್ಕೆ ಅವುಗಳ ಪರಿಚಯವಿಲ್ಲದೆ ಎರಡಕ್ಕೂ ಒಂದೇ ಪ್ರಶ್ನಾರ್ಥಕ ಚಿಹ್ನೆ ಇಟ್ಟಿತ್ತು. 'ಮೞೆ' ಎಂದರೆ ಮಳೆ, 'ಮಱೆ' ಎಂದರೆ ಮರೆ, ಅಂದರೆ ನೆನಪು ತಪ್ಪುವುದು. ಈಗ ಎರಡೂ ಒಂದೇ ರೂಪದಲ್ಲಿ ನಿಂತಿದ್ದವು.

"ಅವು ಹಳೆಯ ಅಕ್ಷರಗಳವ್ವಾ, ಈಗ ಯಾರೂ ಬರೆಯುವುದಿಲ್ಲ" ಎಂದೆವು.

"ಬರೀದಿದ್ರೂ ಅವಕ್ಕ ಜಾಗಾ ಐತ್ರೀ. ತೋರಸ್ತೀನಿ, ನೋಡ್ರಿ" ಎಂದು ಆಕೆ ಕನ್ನಡದ ಆ 128 ಸ್ಥಾನಗಳ ಪಟ್ಟಿಯನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದಳು.

ಱಕಾರವು 3249ರಲ್ಲಿ ಇತ್ತು. ೞಕಾರವು 3294ರಲ್ಲಿ ಇತ್ತು. ಪ್ರತಿಯೊಂದು ಅಕ್ಷರದ ಬದಿಗೂ ಅದರ ಇಂಗ್ಲಿಷ್ ಹೆಸರು. ೞಕಾರದ ಹೆಸರನ್ನು ಆಕೆ ಓದಿದಳು: 'ಕನ್ನಡ ಅಕ್ಷರ ಫ'. ಕೇಶಿರಾಜನು ಹದಿಮೂರನೆಯ ಶತಮಾನದ 'ಶಬ್ದಮಣಿದರ್ಪಣ'ದಲ್ಲಿ ರೞವೆಂದು ಕರೆದು, ಅದು ಬರುವ ಪದಗಳನ್ನು ಎಣಿಸಿ ಹೇಳಿದ ಅಕ್ಷರಕ್ಕೆ ಜಗತ್ತಿನ ಪಟ್ಟಿಯಲ್ಲಿ 'ಫ' ಎಂಬ ನಾಮಕರಣ! ತರುಣರು ನಕ್ಕರು. ತಿದ್ದಬಾರದೇಕೆ ಎಂದು ನಾವು ಕೇಳಿದೆವು. ತಿದ್ದುವಂತಿಲ್ಲವಂತೆ. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಕೂಡದೆಂಬ ನಿಯಮವು ಯೂನಿಕೋಡಿನ ಎರಡನೆಯ ಆವೃತ್ತಿಯಿಂದ, ಅಂದರೆ 1996ರಿಂದ, ಜಾರಿಯಲ್ಲಿದೆ. ಹೆಸರನ್ನೇ ನಂಬಿ ಬರೆದ ತಂತ್ರಾಂಶಗಳು ಕೆಡಬಾರದೆಂದು ಈ ಕಟ್ಟುನಿಟ್ಟು. ಸರಿಯಾದ ಹೆಸರನ್ನು ತಿದ್ದುಪಡಿಯಾಗಿ ಪಕ್ಕದಲ್ಲಿ ದಾಖಲಿಸಿದ್ದಾರೆ, ನಿಜ. ಆದರೆ ತಪ್ಪು ಹೆಸರೂ ಇದ್ದಲ್ಲಿಯೇ ಇರುತ್ತದೆ.

ಎಲ್ಲರೊಡನೆ ನಗಲು ನಮ್ಮಿಂದಾಗಲಿಲ್ಲ. ಮೂವತ್ತು ವರುಷಗಳ ಹಿಂದಿನ ಒಂದು ಮಧ್ಯಾಹ್ನ ನೆನಪಾಯಿತು. 1994ರಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಒಬ್ಬ ಹುಡುಗ, ಕನ್ನಡದ ತಂತ್ರಾಂಶ ಮಾಡಬೇಕೆಂಬ ಹಂಬಲದಿಂದ, ಬಸ್ಸಿನಲ್ಲಿ ನಮ್ಮೂರಿಗೆ ಬಂದಿದ್ದನು. ಅವನ ಕೈಯಲ್ಲಿ ಕನ್ನಡ ಅಕ್ಷರಗಳ ಚೌಕಳಿ ಚೌಕಳಿಯಾದ ಒಂದು ಹಾಳೆ ಇತ್ತು. "ಇದರಲ್ಲಿ ಅಕ್ಷರಗಳು, ಹೆಸರುಗಳು ಸರಿ ಅದಾವೇನು, ಒಮ್ಮೆ ನೋಡಿ ಹೇಳ್ರಿ" ಎಂದು ಕೇಳಿದನು. ನಾವು ಆಗ ಓಲೆಗರಿಯೊಂದರ ಪಾಠಾಂತರದಲ್ಲಿ ಮುಳುಗಿದ್ದೆವು. ಹಾಳೆಯ ಮೇಲೆ ಕಣ್ಣನ್ನೂ ಹಾಯಿಸದೆ, "ಇದು ಯಂತ್ರದವರ ವಿಷಯ, ಅವರನ್ನೇ ಕೇಳಪ್ಪಾ" ಎಂದು ಕಳುಹಿಸಿಬಿಟ್ಟೆವು. ಚಹವನ್ನೂ ಕೊಡಲಿಲ್ಲ.

ನಾವು ನೋಡಿದ್ದರೆ ಆ ತಪ್ಪು ತಿದ್ದಿಹೋಗುತ್ತಿತ್ತೆಂದು ಹೇಳುವಷ್ಟು ಅಹಂಕಾರ ನಮಗಿಲ್ಲ. ಒಂದು ಹಳ್ಳಿಯ ಪಂಡಿತನ ಮಾತು ಅಷ್ಟು ದೂರ ತಲುಪುತ್ತಿತ್ತೋ ಇಲ್ಲವೋ. ಆದರೆ ಬಾಗಿಲು ತೆರೆದಿದ್ದ ಕಾಲದಲ್ಲಿ ಒಬ್ಬನು ನಮ್ಮ ಅಂಗಳಕ್ಕೆ ಬಂದು ಕೇಳಿದ್ದನು, ನಾವು ಉತ್ತರಿಸಲಿಲ್ಲ ಎಂಬುದಷ್ಟೇ ಸತ್ಯ. ಯಂತ್ರದವರು ಕನ್ನಡ ಕೆಡಿಸಿದರೆಂದು ವೇದಿಕೆಗಳಲ್ಲಿ ನಾವು ಎಷ್ಟೋ ಸಲ ಆಡಿದ್ದುಂಟು. ಆ ಮಾತುಗಳೆಲ್ಲ ಅಂದು ನಮ್ಮ ಕಡೆಗೇ ತಿರುಗಿದವು.

ಮರುದಿನದ ಗೋಷ್ಠಿಯಲ್ಲಿ ಇದಕ್ಕೆ ವಿರುದ್ಧವಾದ ಒಂದು ಉದಾಹರಣೆ ದೊರೆಯಿತು. ಜಾಲತಾಣದ ವಿಳಾಸವನ್ನು ಈಗ ಕನ್ನಡ ಲಿಪಿಯಲ್ಲಿಯೇ ಬರೆಯಬಹುದು. ವಿಳಾಸದ ಕೊನೆಗೆ '.ಭಾರತ' ಎಂದು ಕನ್ನಡದಲ್ಲಿಯೇ ಬರುತ್ತದೆ. ಆದರೆ ಅನೇಕ ತಂತ್ರಾಂಶಗಳು ಇಂದಿಗೂ ಇಂತಹ ವಿಳಾಸವನ್ನು ಸ್ವೀಕರಿಸುವುದಿಲ್ಲ. ಅದನ್ನು ಸರಿಪಡಿಸುವುದೇ ಈ ತರುಣರ ಒಂದು ದೊಡ್ಡ ಕೆಲಸ. ಇನ್ನೊಂದು ತೊಡಕನ್ನು ತೆಲಂಗಾಣದ ತರುಣನೊಬ್ಬ ವಿವರಿಸಿದನು. ಕನ್ನಡದ 'ರ' ಮತ್ತು ತೆಲುಗಿನ ರಕಾರ, ಕನ್ನಡದ 'ಲ' ಮತ್ತು ತೆಲುಗಿನ ಲಕಾರ ನೋಟಕ್ಕೆ ಒಂದೇ. ಯಂತ್ರಕ್ಕೆ ಮಾತ್ರ ಬೇರೆಬೇರೆ ಸಂಖ್ಯೆ. ಒಂದು ಬ್ಯಾಂಕಿನ ಕನ್ನಡ ವಿಳಾಸದಂತೆಯೇ ಕಾಣುವ ತೆಲುಗು ವಿಳಾಸವನ್ನು ವಂಚಕನು ಪಡೆದರೆ, ಮನೆಯ ಹಿರಿಯರು ನಂಬಿ ಹಣ ಕಳೆದುಕೊಳ್ಳುವುದು ಸುಲಭ.

ವಿಳಾಸಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಆಶ್ರಯದಲ್ಲಿ, ಬ್ರಾಹ್ಮಿಯಿಂದ ಹುಟ್ಟಿದ ಒಂಬತ್ತು ಲಿಪಿಗಳಿಗಾಗಿ ಒಂದು ಮಂಡಳಿ ಕುಳಿತು ಚರ್ಚಿಸಿತು. ಕನ್ನಡದ ನಿಯಮಗಳ ಪ್ರಸ್ತಾವ 2019ರಲ್ಲಿ ಸಿದ್ಧವಾಯಿತು. ಒಂದೇ ರೂಪದ ಕನ್ನಡ-ತೆಲುಗು ಅಕ್ಷರಗಳನ್ನು ಅದು ಪರಸ್ಪರ ಪರ್ಯಾಯಗಳೆಂದು ಎಣಿಸಿತು. ಭಾಷೆ ಬಲ್ಲವರೂ ಯಂತ್ರ ಬಲ್ಲವರೂ ಒಂದೇ ಜಮಖಾನೆಯ ಮೇಲೆ ಕುಳಿತಲ್ಲಿ, ಕೆಡುಕು ಹುಟ್ಟುವ ಮೊದಲೇ ಅದಕ್ಕೆ ತಡೆ ಬೀಳುತ್ತದೆ. ಕುಳಿತುಕೊಳ್ಳದಿದ್ದಲ್ಲಿ ೞಕಾರವು ಫಕಾರವಾಗುತ್ತದೆ. ಎರಡು ದಿನಗಳಲ್ಲಿ ನಾವು ಕಲಿತ ಪಾಠ ಇದೊಂದೇ.

ಇದು ನಮ್ಮ ಹಿರಿಯರಿಗೆ ತಿಳಿಯದ ಪಾಠವೇನಲ್ಲ. ಫ.ಗು. ಹಳಕಟ್ಟಿಯವರು ಊರೂರು ಅಲೆದು ವಚನಗಳ ತಾಡೋಲೆಗಳನ್ನು ಕೂಡಿಹಾಕಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. ಮುಂದೆ ವಿಜಯಪುರದಲ್ಲಿ ತಾವೇ ಹಿತಚಿಂತಕ ಮುದ್ರಣಾಲಯವನ್ನು ನಡೆಸಿದರು. ಅಚ್ಚುಮೊಳೆ ಯಂತ್ರದವರ ವಿಷಯವೆಂದು ಅವರು ಹಿಂದೆ ಸರಿದಿದ್ದರೆ, ಇಂದು ನಮ್ಮ ಮನೆಗಳ ಕಪಾಟಿನಲ್ಲಿ ಏನು ಉಳಿಯುತ್ತಿತ್ತು?

ಗದಗಿನ ಆ ತರುಣಿ ಬೆಂಗಳೂರಿನ ಒಂದು ಕಂಪನಿಯಲ್ಲಿ ದುಡಿಯುತ್ತಾಳೆ. ನಮ್ಮ ಕೆಲಸಕ್ಕೆ ಒಂದು ರೂಪಾಯಿಯನ್ನೂ ಮುಟ್ಟಲಿಲ್ಲ. "ಇದು ನನ್ನ ದಾಸೋಹ ಅಂತ ತಿಳೀರಿ" ಎಂದಳು. ಈಗ ಪ್ರತಿ ರವಿವಾರ ಮುಂಜಾನೆ ಆಕೆ ದೂರವಾಣಿ ಮಾಡುತ್ತಾಳೆ. ಆಕೆ ವಾಕ್ಯವನ್ನು ಓದುತ್ತಾಳೆ, ನಾವು ಅರ್ಥ ನೋಡಿ ೞಕಾರವೋ ಱಕಾರವೋ ಹೇಳುತ್ತೇವೆ, ಆಕೆ ತುಂಬುತ್ತಾಳೆ. ಮೂಲ ಚೀಟಿಗಳಿಲ್ಲವಾಗಿ, ನಮ್ಮ ಓದು ಮತ್ತು ನೆನಪುಗಳೇ ಆಧಾರ. ನಾನೂರರಷ್ಟು ಆಗಿವೆ. ಉಳಿದವು ನಮ್ಮ ಕಣ್ಣು, ನೆನಪುಗಳು ನೆಟ್ಟಗಿರುವಾಗಲೇ ಮುಗಿಯಬೇಕು.

ಭಕ್ತಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ. ನಿಮ್ಮ ಮನೆಗಳಲ್ಲಿ, ಮಠಗಳಲ್ಲಿ 1990ರ ದಶಕದ ಡಿ.ಟಿ.ಪಿ. ಬರಹಗಳ ಫ್ಲಾಪಿ, ಸಿ.ಡಿ.ಗಳು ಇದ್ದರೆ ಹಾಳಾಗುವ ಮುನ್ನ ಬಲ್ಲ ತರುಣರ ಕೈಗೆ ಕೊಡಿರಿ, ಬರೆದವರು ಬದುಕಿದ್ದರೆ ಅವರನ್ನೂ ಪಕ್ಕದಲ್ಲಿ ಕೂಡ್ರಿಸಿರಿ. ಯಂತ್ರದ ಮುಂದೆ ಕುಳಿತ ಮಗಳೋ ಮೊಮ್ಮಗನೋ ಎದ್ದು ಬಂದು, "ಅಜ್ಜಾ, ಈ ಅಕ್ಷರ ಹೀಂಗ ಸರಿ ಐತೇನು?" ಎಂದು ಕೇಳಿದರೆ, ಓದುತ್ತಿರುವ ಪುಸ್ತಕವನ್ನು ಬದಿಗಿಟ್ಟು ನೋಡಿರಿ. 1994ರಲ್ಲಿ ನಮ್ಮೂರಿಗೆ ಬಂದಿದ್ದ ಆ ಹುಡುಗನ ಹೆಸರು ನಮಗೆ ನೆನಪಿಲ್ಲ. ಈ ಬರಹ ಅವನ ಕಣ್ಣಿಗೆ ಬಿದ್ದರೆ ಒಮ್ಮೆ ಮನೆಗೆ ಬರಲಿ. ಆ ಹಾಳೆಯನ್ನು ಕೂಡಿ ಕುಳಿತು ನೋಡೋಣ, ಚಹವನ್ನೂ ಕುಡಿಯೋಣ.